ಬೆಂಗಳೂರು ಗಾಲ್ಫ್ ಕ್ಲಬ್ಬಿನ ಪೂರ್ವಚರಿತ್ರೆ

ಊರುಗಳ ಚರಿತ್ರೆಯನ್ನು ಕೋಟೆ, ಅರಮನೆ, ದೇವಾಲಯಗಳಲ್ಲಿ ಮಾತ್ರ ಹುಡುಕುವುದು ನಮ್ಮಲ್ಲಿ ವಾಡಿಕೆ. ಆದರೆ ಆಟದ ಬಯಲುಗಳಿಗೂ ಚರಿತ್ರೆಯುಂಟು. 1876ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಗಾಲ್ಫ್ ಕ್ಲಬ್ಬು ಇದಕ್ಕೆ ನಿದರ್ಶನ. ಭರತಖಂಡದ ಅತಿ ಹಳೆಯ ಗಾಲ್ಫ್ ಸಂಸ್ಥೆಗಳಲ್ಲಿ ಅದೂ ಒಂದು.

ಈ ಕ್ರೀಡೆಯನ್ನು ಕಂಡರಿಯದ ವಾಚಕರಿಗಾಗಿ ಎರಡು ಮಾತು. ಚಿಕ್ಕದಾದ ಗಟ್ಟಿ ಚೆಂಡನ್ನು ತುದಿ ಬಾಗಿದ ಕೋಲಿನಿಂದ ಹೊಡೆದು, ದೂರದೂರದಲ್ಲಿ ತೋಡಿದ ಕುಳಿಗಳಲ್ಲಿ ಒಂದಾದ ಮೇಲೊಂದರಂತೆ ಬೀಳಿಸಬೇಕು. ಹೊಡೆತಗಳು ಕಡಿಮೆಯಾದಷ್ಟೂ ಆಟಗಾರನ ಕೌಶಲ ಹೆಚ್ಚು. ಇದರ ತೌರು ಸ್ಕಾಟ್ಲೆಂಡು. ಜನರು ಬಿಲ್ವಿದ್ಯೆಯನ್ನು ಬಿಟ್ಟು ಇದರಲ್ಲಿ ಮೈಮರೆಯುವರೆಂದು ಅಲ್ಲಿಯ ಪಾರ್ಲಿಮೆಂಟು 1457ರಲ್ಲಿಯೇ ಇದನ್ನು ನಿಷೇಧಿಸಿತ್ತು. ನಿಷೇಧವು ಅಳಿಯಿತು, ಆಟವು ಉಳಿಯಿತು. ಬ್ರಿಟಿಷರೊಡನೆ ಕಡಲು ದಾಟಿ 1829ರಲ್ಲಿ ಕಲ್ಕತ್ತೆಯಲ್ಲಿ ಬೇರೂರಿತು. ಬ್ರಿಟಿಷ್ ದ್ವೀಪಗಳ ಹೊರಗೆ ಈಗ ಉಳಿದಿರುವ ಗಾಲ್ಫ್ ಕ್ಲಬ್ಬುಗಳಲ್ಲಿ ಆ ಕಲ್ಕತ್ತೆಯ ಕ್ಲಬ್ಬೇ ಅತ್ಯಂತ ಹಿರಿದು.

ಬೆಂಗಳೂರಿಗೆ ಈ ಆಟ ಬಂದ ದಾರಿಯಾದರೋ ನಮ್ಮ ಸೀಮೆಯಿಂದಲೇ ಆರಂಭವಾಗುವುದು. ನಮ್ಮ ಅಕ್ಕಿಹೆಬ್ಬಾಳಿನ ಹೇಮಾವತಿಯು ಕಾವೇರಿಯನ್ನು ಕೂಡಿ, ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವುದಷ್ಟೆ. 1799ರಲ್ಲಿ ಆ ಪಟ್ಟಣವನ್ನು ಹಿಡಿದ ಇಂಗ್ಲಿಷ್ ಸೈನ್ಯವು ಅಲ್ಲಿಯೇ ಬೀಡುಬಿಟ್ಟಿತು. ಟಿಪ್ಪುವಿನ ಕೋಟೆಯನ್ನು ಗೆದ್ದವರು ಅಲ್ಲಿಯ ಚಳಿಜ್ವರವನ್ನು ಗೆಲ್ಲಲಾರದೆ ಹೋದರು. 1809ರಲ್ಲಿ ದಂಡು ಬೆಂಗಳೂರಿನ 3,000 ಅಡಿ ಎತ್ತರದ ತಂಪು ನೆಲಕ್ಕೆ ಸಾಗಿತು. ದಂಡಿನೊಡನೆ ಕವಾಯತಿನ ಮೈದಾನ, ಚರ್ಚು, ಕುದುರೆಯ ಪಂದ್ಯ, ಕಾಲಕ್ರಮದಲ್ಲಿ ಗಾಲ್ಫು ಸಹ ಬಂದುವು.

ಇನ್ನು 1876ನೆಯ ಇಸವಿಯನ್ನು ಕುರಿತು ನಾವು ಹೇಳಬೇಕಾದುದೊಂದಿದೆ. ಪಂಚಾಂಗದಂತೆ ಅದು ಧಾತು ಸಂವತ್ಸರ. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಳೆ ಹೋಗಿ, ಧಾತುವಿನಲ್ಲಿಯೂ ಮರುವರ್ಷದ ಈಶ್ವರದಲ್ಲಿಯೂ ಘೋರವಾದ ಕ್ಷಾಮ ಕವಿಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ನಾಡಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಚೆಂಡಿಗಾಗಿ ನೆಲದಲ್ಲಿ ಕುಳಿ ತೋಡಿದ ಕಾಲವೇ ಹಸಿದು ಸತ್ತವರಿಗಾಗಿ ಗುಂಡಿ ತೋಡಿದ ಕಾಲವೂ ಆಯಿತು.

ಇದರಿಂದ ಆಟಗಾರರು ನಿರ್ದಯರೆಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಆಟದಿಂದ ದೇಹಕ್ಕೆ ಆರೋಗ್ಯವೂ ಮನಸ್ಸಿಗೆ ಸಂಯಮವೂ ಲಭಿಸುವುದನ್ನು ನಾವು ಬಲ್ಲೆವು. ಆದರೆ ದಂಡಿನ ಬಾಳಿಗೂ ನಾಡಿನ ಬಾಳಿಗೂ ಇದ್ದ ಅಂತರಕ್ಕೆ ಈ ಒಂದು ಇಸವಿಯೇ ಸಾಕ್ಷಿ.

ಕ್ಲಬ್ಬು ಇಂದು ಇರುವುದು ಹೈಗ್ರೌಂಡ್ಸಿನ ಸ್ಯಾಂಕಿ ರಸ್ತೆಯಲ್ಲಿ. ಕ್ಷಾಮಕಾಲದ ನೀರಿನ ಅಭಾವ ಮರುಕಳಿಸದಿರಲೆಂದು 1882ರಲ್ಲಿ ನಿರ್ಮಿತವಾದ ಕೆರೆಗೂ ಅದೇ ಇಂಜಿನಿಯರ ಹೆಸರು. ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವ ಗೃಹಸ್ಥರು ಆ ಹಸುರು ಬಯಲನ್ನು ತೋರಿಸುವಾಗ ಕೆರೆಯ ಕಥೆಯನ್ನೂ ಜೊತೆಗೆ ತಿಳಿಸಿದರೆ, ಪಾಠಶಾಲೆಯ ಪುಸ್ತಕದಲ್ಲಿ ದೊರೆಯದ ಚರಿತ್ರೆಯೊಂದು ಅವರಿಗೆ ಲಭಿಸಿದಂತಾಗುವುದು.