ಕೂದಲಿಗೆ ಒಂದು ನಿಯಮ, ಅಕ್ಕಿಗೆ ಇನ್ನೊಂದು: ಸೋನಾ ಮಸೂರಿ ಗಡಿ ದಾಟದ ಆ 14 ತಿಂಗಳು

ನಮ್ಮ ಭಾಗ್ಯನಗರದ ಬಗ್ಗೆ ಕೇಳಿದವರಿಗೆ ಎರಡು ವಿಷಯ ಗೊತ್ತಿರುತ್ತೆ: ಒಂದು ಮಗ್ಗ, ಇನ್ನೊಂದು ಕೂದಲು. ಬಾಚಣಿಗೆಗೆ ಸಿಕ್ಕಿ ಬಿದ್ದ ಕೂದಲು ಊರೂರಿಂದ ಇಲ್ಲಿಗೆ ಬರುತ್ತೆ. ಹೆಣ್ಣುಮಕ್ಕಳು ಕೂತು ಅದರ ಸಿಕ್ಕು ಬಿಡಿಸ್ತಾರೆ. ಅಲ್ಲಿಂದ ಅದು ವಿದೇಶಕ್ಕೆ ಹೋಗಿ ವಿಗ್ ಆಗುತ್ತೆ. ಇದೇ ಜಿಲ್ಲೆಯ ಗಂಗಾವತಿಯಿಂದ ಹೊರಗೆ ಹೋಗೋದು ಅಕ್ಕಿ. ಒಂದು ತಲೆ ಮೇಲಿನ ಸರಕು, ಇನ್ನೊಂದು ಹೊಟ್ಟೆಯದು. ಎರಡಕ್ಕೂ ದೆಹಲಿಯಿಂದ ಬರೋ ರಫ್ತು ನಿಯಮ ಮಾತ್ರ ಬೇರೆ ಬೇರೆ. ಯಾಕೆ ಅಂತ ಹುಡುಕ್ತಾ ಹೋದಾಗ ನನಗೆ ಅರ್ಥವಾದದ್ದನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಮರುದಿನವೇ ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ನಮ್ಮವರು ಸೋನಾ ಮಸೂರಿ ಮೂಟೆಗೆ ಮುಗಿಬಿದ್ದ ವಿಡಿಯೋಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡಿದವು. ನಾವೆಲ್ಲ ನಕ್ಕೆವು. ಆದರೆ ಆ ವಿಡಿಯೋದಲ್ಲಿ ಇಲ್ಲದಿದ್ದವರು ಇಬ್ಬರು: ಕಾಲುವೆ ಕೆಳಗಿನ ನಮ್ಮ ರೈತ, ಮತ್ತು ಭಾರತದ ಅಕ್ಕಿಯನ್ನೇ ನಂಬಿಕೊಂಡಿದ್ದ ಆಫ್ರಿಕಾದ ಬಡ ದೇಶಗಳ ಜನ.

ನಮ್ಮ ಅಕ್ಕಿ ಯಾರ ತಟ್ಟೆಗೆ?

ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಭಾರತದ ಪಾಲು ಸುಮಾರು ಶೇ 40. ಬೆನಿನ್, ಸೆನೆಗಲ್, ಐವರಿ ಕೋಸ್ಟ್, ನೇಪಾಳದಂಥ ದೇಶಗಳು ನಮ್ಮ ದೊಡ್ಡ ಗಿರಾಕಿಗಳು. ಸೆನೆಗಲ್ ಜನಕ್ಕೆ ನುಚ್ಚಕ್ಕಿಯೇ ಇಷ್ಟ, ಅವರ ಮೀನಿನ ಅನ್ನಕ್ಕೆ ಅದೇ ಬೇಕು. ಆ ನುಚ್ಚಿನ ರಫ್ತನ್ನು 2022ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಲಾಗಿತ್ತು. ಬಿಳಿ ಅಕ್ಕಿಯೂ ನಿಂತ ಮೇಲೆ, 2023ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋಯಿತು.

ಪೂರ್ತಿ ಬಾಗಿಲು ಹಾಕಿರಲಿಲ್ಲ ಅನ್ನೋದೂ ನಿಜ. ಆ ದೇಶದ ಸರ್ಕಾರ ಕೇಳಿಕೊಂಡರೆ, ನಮ್ಮ ಸರ್ಕಾರ ಒಪ್ಪಿದರೆ ಕೊಡಬಹುದಿತ್ತು. ಹಾಗೆ 2023ರ ಅಕ್ಟೋಬರ್‌ನಲ್ಲಿ ನೇಪಾಳಕ್ಕೆ 95,000 ಟನ್, ಕ್ಯಾಮರೂನ್‌ಗೆ 1,90,000 ಟನ್, ಫಿಲಿಪ್ಪೀನ್ಸ್‌ಗೆ 2,95,000 ಟನ್ ಅಕ್ಕಿಗೆ ಅನುಮತಿ ಸಿಕ್ಕಿತು. ಅಂದ್ರೆ ನಿನ್ನೆವರೆಗೆ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಗೆ ಮಾರ್ತಿದ್ದದ್ದು, ಈಗ ಒಂದು ದೇಶ ಇನ್ನೊಂದು ದೇಶಕ್ಕೆ ಅರ್ಜಿ ಹಾಕೋ ವಿಷಯವಾಯಿತು.

‘ನಮಗೇ ಇಲ್ಲ, ಹೊರಗ್ಯಾಕೆ?’

ಈ ಪ್ರಶ್ನೆ ಸುಳ್ಳಲ್ಲ. ಅದೇ 2023ರ ಜೂನ್‌ನಲ್ಲಿ ರಾಜ್ಯಗಳಿಗೆ ಅಕ್ಕಿ ಮಾರೋದನ್ನು ಕೇಂದ್ರ ನಿಲ್ಲಿಸಿತ್ತು. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದೆ, ಕರ್ನಾಟಕ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಮಳೆ ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಇಂಥ ಹೊತ್ತಲ್ಲಿ ಅಕ್ಕಿ ಹಡಗು ಹತ್ತೋದನ್ನ ಯಾವ ಸರ್ಕಾರವೂ ಸುಮ್ಮನೆ ನೋಡ್ತಾ ಕೂರಲ್ಲ.

ಆದರೆ ಬರ ಬಂದ ವರ್ಷ ರೈತನ ಲೆಕ್ಕ ಹೇಗಿರುತ್ತೆ? ಇಳುವರಿ ಕಮ್ಮಿ, ಖರ್ಚು ಅಷ್ಟೇ. ಉಳಿದಿರೋ ಒಂದೇ ಆಸೆ, ಬೆಲೆ ಏರಿ ನಷ್ಟ ತುಂಬಲಿ ಅನ್ನೋದು. ನಿಷೇಧ ಕೈ ಹಾಕೋದು ಸರಿಯಾಗಿ ಅಲ್ಲಿಗೇ. ಬೆಲೆ ಬಿದ್ದಾಗ ಮಾತ್ರ ಇಷ್ಟೇ ಅವಸರದಲ್ಲಿ ಯಾರೂ ಬರಲ್ಲ. ಗಂಗಾವತಿಯ ಗೆಳೆಯನೊಬ್ಬ ಇದನ್ನ ಒಂದೇ ಸಾಲಲ್ಲಿ ಹೇಳಿದ: “ರೇಟ್ ಏರಿದಾಗ ನೆಲ್ಲು ದೇಶದ್ದು, ಇಳಿದಾಗ ನಮ್ಮದು, ಅಷ್ಟ ನೋಡಪಾ.”

ಕಂಪ್ಯೂಟರ್‌ಗೆ ಗೊತ್ತಿಲ್ಲದ ಹೆಸರು

ಈಗ ತಾಂತ್ರಿಕ ಭಾಗಕ್ಕೆ ಬರೋಣ. ಗಡಿ ದಾಟೋ ಪ್ರತಿ ಸರಕಿಗೂ ಒಂದು ಕೋಡ್ ಇರುತ್ತೆ. ಆಗ ಕುಚ್ಚಲಕ್ಕಿಗೆ 10063010, ಬಾಸ್ಮತಿಗೆ 10063020 ಅಂತ ಇತ್ತು. ಸೋನಾ ಮಸೂರಿಗೆ? 10063090, ಅಂದ್ರೆ ‘ಇತರೆ’. ತೀರಾ ಅಗ್ಗದ ದಪ್ಪಕ್ಕಿ, ನ್ಯೂಜೆರ್ಸಿಯ ಕನ್ನಡಿಗ ಹುಡುಕಿಕೊಂಡು ಹೋಗಿ ಕೊಳ್ಳೋ ಸಣ್ಣಕ್ಕಿ, ಎರಡೂ ಒಂದೇ ಡಬ್ಬಿಯಲ್ಲಿ. ನಿಷೇಧ ಬಿದ್ದದ್ದು ಆ ಡಬ್ಬಿಯ ಮೇಲೆ.

ಹೆಸರಿದ್ದವರು ಪಾರಾದರು. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಬಿತ್ತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯೋ ಬೆಂಗಳೂರು ಗುಲಾಬಿ ಈರುಳ್ಳಿಗೆ ಮುಂದಿನ ತಿಂಗಳೇ ವಿನಾಯಿತಿ ಸಿಕ್ಕಿತು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಸಾಕು ಅಂದರು. ಅಂಥದೇ ಮಾನ್ಯತೆ ಇರೋ ಉತ್ತರ ಪ್ರದೇಶದ ಕಾಲಾನಮಕ್ ಅಕ್ಕಿಗೆ 2024ರ ಏಪ್ರಿಲ್‌ನಲ್ಲಿ 1,000 ಟನ್ ಕಳಿಸಲು ಅವಕಾಶವಾಯಿತು. ಸೋನಾ ಮಸೂರಿಗೆ ಮಾತ್ರ ಏನೂ ಇಲ್ಲ.

ಸ್ವಿಚ್ ಬೇಡ, ರೆಗ್ಯುಲೇಟರ್ ಇರಲಿ

ಈಗ ಭಾಗ್ಯನಗರಕ್ಕೆ ವಾಪಸ್ ಬರೋಣ. ಕಚ್ಚಾ ಕೂದಲಿಗೆ ಹೊಸ ನಿಯಮ ಬಂತು. ಕೆ.ಜಿ.ಗೆ 65 ಡಾಲರ್‌ಗಿಂತ ಕಮ್ಮಿ ಬೆಲೆಯದ್ದಾದರೆ ರಫ್ತು ನಿಷೇಧ. 65 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಕ್ತ. ಇಲ್ಲಿ ಉದ್ದೇಶ ಬೇರೆ, ಅಗ್ಗದ ಕಚ್ಚಾ ಮಾಲು ಹೊರಗೆ ಹೋಗಿ ಇಲ್ಲಿನ ಕೆಲಸ ಕಳೆಯಬಾರದು ಅನ್ನೋದು. ಆದರೆ ಸಾಧನ ನೋಡಿ. ಅದು ಸರಕಿನ ಹೆಸರು ಕೇಳಲ್ಲ, ಬೆಲೆ ಕೇಳುತ್ತೆ.

ಎಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಇದು ಹೀಗೆ ಕಾಣುತ್ತೆ: ನಿಷೇಧ ಅನ್ನೋದು ಸ್ವಿಚ್, ಕನಿಷ್ಠ ಬೆಲೆ ಅನ್ನೋದು ಫ್ಯಾನಿನ ರೆಗ್ಯುಲೇಟರ್. ಅಕ್ಕಿಗೂ ಇದನ್ನ ಬಳಸಿದ್ದುಂಟು. 2023ರ ಆಗಸ್ಟ್‌ನಲ್ಲೇ ಬಾಸ್ಮತಿಗೆ ಟನ್‌ಗೆ 1,200 ಡಾಲರ್ ಕನಿಷ್ಠ ಬೆಲೆ ಇಟ್ಟರು. 2024ರ ಸೆಪ್ಟೆಂಬರ್ 28ರಂದು ಬಿಳಿ ಅಕ್ಕಿ ನಿಷೇಧ ತೆಗೆದಾಗಲೂ 490 ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ ಕೆ.ಜಿ.ಗೆ ಸುಮಾರು 41 ರೂಪಾಯಿ, ಗೆರೆ ಎಳೆದರು. ಮುಂದಿನ ತಿಂಗಳು ಅದನ್ನೂ ಅಳಿಸಿದರು. ಮೊದಲ ದಿನವೇ ಸ್ವಲ್ಪ ಎತ್ತರದ ಗೆರೆ ಎಳೆದಿದ್ದರೆ, ಅಗ್ಗದ ಅಕ್ಕಿ ದೇಶದಲ್ಲೇ ಉಳೀತಿತ್ತು, ದುಬಾರಿ ಸೋನಾ ಮಸೂರಿ ಹೋಗ್ತಿತ್ತು.

ಇದರಲ್ಲೂ ತೊಡಕಿದೆ, ಮುಚ್ಚಿಡಲ್ಲ. ಬೆಲೆ ಹೆಚ್ಚು ತೋರಿಸಿ ಅಗ್ಗದ ಅಕ್ಕಿ ಸಾಗಿಸೋರು ಇರ್ತಾರೆ. ಸಣ್ಣಕ್ಕಿ ತುಟ್ಟಿಯಾದರೆ ಬೆಂಗಳೂರಿನ ಮಧ್ಯಮ ವರ್ಗ ಅದಕ್ಕಿಂತ ಕೆಳಗಿನ ಅಕ್ಕಿಗೆ ಇಳಿಯುತ್ತೆ, ಅದರ ಬೆಲೆಯೂ ಸ್ವಲ್ಪ ಏರುತ್ತೆ. ಮುಖ್ಯವಾಗಿ, ಕನಿಷ್ಠ ಬೆಲೆಯಿಂದ ಸೆನೆಗಲ್‌ನ ಬಡವನಿಗೆ ಲಾಭವಿಲ್ಲ, ಅವನಿಗೆ ಬೇಕಾದ್ದು ಅಗ್ಗದ ಅಕ್ಕಿಯೇ. ಅವನ ಪಾಲಿಗೆ ಸರ್ಕಾರದಿಂದ ಸರ್ಕಾರಕ್ಕೆ ಕೊಡೋ ದಾರಿಯನ್ನ ಇನ್ನಷ್ಟು ಬೇಗ, ಇನ್ನಷ್ಟು ನಂಬಿಕೆಯದ್ದಾಗಿ ಮಾಡಬೇಕು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ರಾತ್ರಿ ನಮ್ಮ ಕಡೆ ಯಾರಿಗೂ ನಿದ್ದೆ ಬಂದಿರಲಿಲ್ಲ. ಆಗಿನ್ನೂ ನಿಷೇಧ ಇತ್ತು. ನೀರು ಹೋದರೂ ನಷ್ಟ ನಮಗೆ, ಬೆಳೆ ಬಂದರೂ ಬಾಗಿಲು ಬಂದ್. ನಿಷೇಧ ತೆಗೆದ ಮೇಲೆ ಈ ಮಾತು ಮರೆತೇಹೋಯ್ತು. ಆದರೆ ಕೇಳಬೇಕಾದ್ದು ಬಾಗಿಲು ತೆರೆದಿರುವಾಗಲೇ. ಮುಂದಿನ ಬರಗಾಲದ ಚುನಾವಣಾ ವರ್ಷದಲ್ಲಿ ನಮ್ಮ ಸಂಸದರು, ಶಾಸಕರು ದೆಹಲಿಗೆ ಮನವಿ ಹಿಡಿದು ಓಡೋ ಮೊದಲು, ಸೋನಾ ಮಸೂರಿಗೊಂದು ಕೋಡ್ ಮತ್ತು ಮೊದಲೇ ಬರೆದಿಟ್ಟ ಒಂದು ಬೆಲೆ ಗೆರೆ ಸಿಗಲಿ. ಉದುರಿದ ಕೂದಲಿಗೆ ಸಿಕ್ಕ ನಿಯಮ ಬೆಳೆದ ಅಕ್ಕಿಗೂ ಸಿಗಲಿ ಅಂತ ಕೇಳೋದು ದೊಡ್ಡ ಬೇಡಿಕೆ ಏನಲ್ಲ.