ಅಧಿಕ ಒತ್ತಡದ ಸಿಲಿಂಡರಿಗೆ ವಾಲ್ವ್ ಮತ್ತು ರೆಗ್ಯುಲೇಟರ್ ಆಯ್ಕೆ: ವರ್ತಕರು ಗಮನಿಸಬೇಕಾದ ಅಂಶಗಳು

ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಪ್ರವಾಸೋದ್ಯಮದ ಒಂದು ಅಂಗವಾಗಿ ಬೆಳೆದಿರುವುದು ಎಲ್ಲರಿಗೂ ತಿಳಿದ ಸಂಗತಿ. ಇತ್ತ ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರದ ಅಂಚಿನವರೆಗೂ ಹರಡಿಕೊಂಡಿದೆ. ಜಲಕ್ರೀಡೆಯಾಗಲಿ, ನೀರಿನಲ್ಲಿ ಮುಳುಗಿದವರ ಶೋಧಕಾರ್ಯವಾಗಲಿ, ಉಸಿರಾಟದ ಸಿಲಿಂಡರು ಬೇಕಾಗುವ ಸಂದರ್ಭಗಳು ಮಲೆನಾಡಿಗೂ ಹೊಸದಲ್ಲ. ಆದ್ದರಿಂದ 'ಈ ಸಿಲಿಂಡರಿಗೆ ಒಂದು ವಾಲ್ವ್ ತರಿಸಿಕೊಡುವಿರಾ' ಎಂಬ ವಿಚಾರಣೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಾರ್ಡ್‌ವೇರ್ ವರ್ತಕರಿಗೆ ಅಥವಾ ಲೇತ್ ಇಟ್ಟುಕೊಂಡಿರುವ ಸಣ್ಣ ಉದ್ಯಮಿಗೆ ಬಂದರೆ ಆಶ್ಚರ್ಯವೇನಿಲ್ಲ. ಪೈಪ್ ಫಿಟಿಂಗ್ ಮಾರಿದ ಅನುಭವವೊಂದೇ ಈ ಸರಕಿಗೆ ಸಾಲದು. ಇಲ್ಲಿ ಥ್ರೆಡ್ ಹಿಡಿಯಿತು ಎಂದ ಮಾತ್ರಕ್ಕೆ ವಾಲ್ವ್ ಹೊಂದಿತು ಎಂದು ಅರ್ಥವಲ್ಲ.

ಮೊದಲು ಒತ್ತಡದ ಪ್ರಮಾಣವನ್ನು ನೋಡೋಣ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪವರ್ ಸ್ಪ್ರೇಯರ್ ಸಾಮಾನ್ಯವಾಗಿ 20ರಿಂದ 40 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದರ ಹೋಸ್ ಕಳಚಿದಾಗ ಆಗುವ ಅವಾಂತರ ಬೆಳೆಗಾರರಿಗೆ ಗೊತ್ತು. ಸ್ಕೂಬಾ ಸಿಲಿಂಡರಿನ ಒತ್ತಡ ಸಾಮಾನ್ಯವಾಗಿ 200 ಬಾರ್‌ನಷ್ಟಿರುತ್ತದೆ. ಕೆಲವು 232, ಮತ್ತೆ ಕೆಲವು 300 ಬಾರ್‌ನವು. ಮೇಲಾಗಿ ಒಳಗಿರುವುದು ನೀರಲ್ಲ, ಅದುಮಿಟ್ಟ ಗಾಳಿ. 25 ಮಿಲಿಮೀಟರ್ ವ್ಯಾಸದ ಕತ್ತಿನಲ್ಲಿ ಕುಳಿತ ವಾಲ್ವಿನ ತಳವನ್ನು 200 ಬಾರ್ ಒತ್ತಡವು ಸುಮಾರು 1,000 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಮೇಲಕ್ಕೆ ತಳ್ಳುತ್ತಿರುತ್ತದೆ. ಆ ಬಲವನ್ನು ತಡೆದು ನಿಂತಿರುವುದು ಕೆಲವೇ ಸುತ್ತು ಥ್ರೆಡ್.

ಆಯ್ಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾಗುವುದು ಈ ಕತ್ತಿನ ಥ್ರೆಡ್ ವಿಷಯದಲ್ಲಿಯೇ. ಯುರೋಪಿನ ಸಿಲಿಂಡರುಗಳಲ್ಲಿ ಬಹುತೇಕ ಎಂ25×2 ಎಂಬ ಮೆಟ್ರಿಕ್ ಥ್ರೆಡ್ ಇರುತ್ತದೆ. ಅಮೆರಿಕ ಮಾದರಿಯ ಅಲ್ಯೂಮಿನಿಯಂ ಸಿಲಿಂಡರುಗಳಲ್ಲಿ ಮುಕ್ಕಾಲು ಇಂಚಿನ, ಇಂಚಿಗೆ 14 ಸುತ್ತಿನ ಎನ್‌ಪಿಎಸ್‌ಎಂ ಥ್ರೆಡ್ ಇದೆ. ಹಳೆಯ ಕೆಲವು ಸಿಲಿಂಡರುಗಳಲ್ಲಿ ಅಷ್ಟೇ ಸುತ್ತಿನ ಮುಕ್ಕಾಲು ಇಂಚು ಬಿಎಸ್‌ಪಿ ಕಾಣಸಿಗುತ್ತದೆ. ಮೆಟ್ರಿಕ್ ಥ್ರೆಡ್ಡಿನ ಪಿಚ್ 2 ಮಿಲಿಮೀಟರ್. ಇಂಚಿನದರ ಪಿಚ್ ಸುಮಾರು 1.81 ಮಿಲಿಮೀಟರ್. ವ್ಯಾಸದಲ್ಲಿ ಇರುವ ಅಂತರವೂ ಒಂದೂವರೆ ಮಿಲಿಮೀಟರಿನೊಳಗೆ. ಕಣ್ಣಳತೆಗೆ ಇವೆಲ್ಲ ಒಂದೇ.

ಮುಕ್ಕಾಲು ಇಂಚಿನ ವಾಲ್ವನ್ನು ಎಂ25 ಸಿಲಿಂಡರಿಗೆ ಹಾಕಲು ಹೋದರೆ ಅದು ಒಳಗೆ ಹೋಗುವುದೇ ಇಲ್ಲ; ತಪ್ಪು ಆಗಲೇ ಗೊತ್ತಾಗುತ್ತದೆ. ಇದರ ವಿಲೋಮವೇ ಅಪಾಯಕಾರಿ. ಎಂ25 ವಾಲ್ವ್ ಮುಕ್ಕಾಲು ಇಂಚಿನ ಸಿಲಿಂಡರಿನೊಳಗೆ ಸಲೀಸಾಗಿ ಇಳಿಯುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ, ಓ-ರಿಂಗ್ ಇರುವುದರಿಂದ ಮೊದಲಿಗೆ ಸೋರುವುದೂ ಇಲ್ಲ. ಥ್ರೆಡ್ಡಿನ ತುದಿಗಳಷ್ಟೇ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಗಾಳಿ ತುಂಬುವಾಗಲೋ ತುಂಬಿದ ಮೇಲೆಯೋ ವಾಲ್ವ್ ಸಿಡಿದು ಹೊರಬರುತ್ತದೆ. ಇಂತಹ ಅಪಘಾತಗಳಲ್ಲಿ ವಿದೇಶಗಳಲ್ಲಿ ಪ್ರಾಣಹಾನಿಯೂ ಆಗಿದೆ. ಆದುದರಿಂದ ವಾಲ್ವಿನ ಮೇಲೆ ಮತ್ತು ಸಿಲಿಂಡರಿನ ಹೆಗಲಿನ ಮೇಲೆ ಕೆತ್ತಿರುವ ಗುರುತುಗಳನ್ನು ಓದಿ ತಾಳೆ ನೋಡಬೇಕು. ಗುರುತು ಅಳಿಸಿದ್ದರೆ ಗೋ, ನೋ-ಗೋ ಗೇಜ್ ಬಳಸಬೇಕು. 'ಕೈಯಲ್ಲಿ ತಿರುಗಿಸಿ ನೋಡಿದೆ, ಹಿಡಿಯಿತು' ಎಂಬುದು ಪರೀಕ್ಷೆಯಲ್ಲ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಸಿಲಿಂಡರಿನದು ಸಾಮಾನ್ಯವಾಗಿ ಟೇಪರ್ ಥ್ರೆಡ್. ಅದಕ್ಕೂ ಸ್ಕೂಬಾ ವಾಲ್ವಿಗೂ ಸಂಬಂಧವೇ ಇಲ್ಲ.

ಇನ್ನು ವಾಲ್ವಿನ ಹೊರಬಾಯಿ, ಅಂದರೆ ರೆಗ್ಯುಲೇಟರ್ ಕೂಡುವ ಜಾಗ. ಇದರಲ್ಲಿ ಎರಡು ಪದ್ಧತಿಗಳಿವೆ. ಯೋಕ್ ಎಂಬುದರಲ್ಲಿ ರೆಗ್ಯುಲೇಟರಿನ ಹಿಡಿಕೆಯು ವಾಲ್ವನ್ನು ಹೊರಗಿನಿಂದ ಬಾಚಿ ಹಿಡಿಯುತ್ತದೆ; ಇದರ ಮಿತಿ 232 ಬಾರ್. ಡಿನ್ ಎಂಬ ಜರ್ಮನ್ ಪದ್ಧತಿಯಲ್ಲಿ ರೆಗ್ಯುಲೇಟರು ಜಿ 5/8 ಥ್ರೆಡ್ಡಿನ ಮೂಲಕ ವಾಲ್ವಿನೊಳಕ್ಕೇ ತಿರುಗಿ ಕೂರುತ್ತದೆ. ಡಿನ್‌ನಲ್ಲಿಯೂ 200 ಬಾರ್‌ನದಕ್ಕೆ 5 ಸುತ್ತು, 300 ಬಾರ್‌ನದಕ್ಕೆ 7 ಸುತ್ತು. 300ರ ರೆಗ್ಯುಲೇಟರ್ 200ರ ವಾಲ್ವಿಗೆ ಕೂರುತ್ತದೆ. 200ರದು 300ರ ವಾಲ್ವಿನ ತಳ ಮುಟ್ಟುವುದಿಲ್ಲವಾದ್ದರಿಂದ ಸೀಲ್ ಆಗದು. ಕಡಿಮೆ ಒತ್ತಡದ ಉಪಕರಣ ಹೆಚ್ಚು ಒತ್ತಡಕ್ಕೆ ಸಿಗದಿರಲೆಂದು ಮಾಡಿದ ಜಾಣ ಏರ್ಪಾಡು ಇದು. ಒಳತುಂಡನ್ನು ಬಿಚ್ಚಿ ಯೋಕ್, ಡಿನ್ ಎರಡಕ್ಕೂ ಬಳಸಬಹುದಾದ ವಾಲ್ವ್‌ಗಳೂ ಇವೆ. ಬಗೆಬಗೆಯ ಗಿರಾಕಿಗಳಿರುವ ಬಾಡಿಗೆ ಕೇಂದ್ರಕ್ಕೆ ಇವೇ ಅನುಕೂಲ. ರೆಗ್ಯುಲೇಟರಿನ ಹೋಸ್‌ಗಳಿಗೆ ಈಚಿನ ಮಾದರಿಗಳಲ್ಲಿ ಅಧಿಕ ಒತ್ತಡಕ್ಕೆ 7/16, ಕಡಿಮೆ ಒತ್ತಡಕ್ಕೆ 3/8 ಇಂಚಿನ ಪೋರ್ಟ್‌ಗಳಿರುವುದರಿಂದ ಅದಲುಬದಲಿನ ಭಯ ಕಡಿಮೆ.

ಗಾಳಿಯ ಸಿಲಿಂಡರನ್ನು ಆಮ್ಲಜನಕದ ಸಿಲಿಂಡರೆಂದು ಕರೆಯುವ ರೂಢಿ ನಮ್ಮಲ್ಲಿದೆ. ಮಾತಿನಲ್ಲಿ ಇದು ಸಣ್ಣ ತಪ್ಪು, ಬಿಲ್ಲಿನಲ್ಲಿ ದೊಡ್ಡದು. ಸಾಮಾನ್ಯ ಸ್ಕೂಬಾ ಸಿಲಿಂಡರಿನಲ್ಲಿರುವುದು ಶುದ್ಧೀಕರಿಸಿದ ಗಾಳಿ. ಶುದ್ಧ ಆಮ್ಲಜನಕವು ಅಧಿಕ ಒತ್ತಡದಲ್ಲಿ ಎಣ್ಣೆ, ಗ್ರೀಸ್ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆಂದೇ ಶುಚಿಗೊಳಿಸಿದ ಪ್ರತ್ಯೇಕ ವಾಲ್ವ್ ಬೇಕು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಆರ್ಗಾನ್, ನೈಟ್ರೋಜನ್ ಸಿಲಿಂಡರುಗಳನ್ನು ವೈದ್ಯಕೀಯ ಆಮ್ಲಜನಕಕ್ಕೆ ಮಾರ್ಪಡಿಸಲು ಅನುಮತಿ ನೀಡಲಾಗಿತ್ತು. ತುರ್ತು ಪರಿಸ್ಥಿತಿಯ ಆ ಕ್ರಮವನ್ನು ಮಾಮೂಲು ವ್ಯವಹಾರಕ್ಕೆ ಆಧಾರವಾಗಿ ಯಾರೂ ಭಾವಿಸಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ತುಂಬಿಸುವ ಯೋಚನೆಯಂತೂ ಬೇಡ. ಅದರ ಒತ್ತಡವೂ ಸಾಲದು, ಗಾಳಿಯೂ ಉಸಿರಾಟಕ್ಕೆ ಯೋಗ್ಯವಲ್ಲ.

ಕಾನೂನಿನ ಮಾತು. 1884ರ ಸ್ಫೋಟಕಗಳ ಕಾಯ್ದೆಯಡಿ ರಚಿತವಾದ 2004ರ ಗ್ಯಾಸ್ ಸಿಲಿಂಡರ್ ನಿಯಮಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದವು. ಇವುಗಳ ಅನುಷ್ಠಾನ ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಸಂಸ್ಥೆಯದು. ವಾಲ್ವ್‌ಗಳ ಭಾರತೀಯ ಮಾನಕ ಐಎಸ್ 3224. ಅನುಮೋದನೆಯಿಲ್ಲದೆ ಸಿಲಿಂಡರನ್ನಾಗಲಿ ವಾಲ್ವನ್ನಾಗಲಿ ತಯಾರಿಸುವಂತಿಲ್ಲ. ಸಿಲಿಂಡರಿಗೆ ಅನಿಲ ತುಂಬಲು ಲೈಸೆನ್ಸ್ ಬೇಕು. ಹಾಗಾಗಿ ಸಣ್ಣ ಉದ್ಯಮಿಯು ತನ್ನ ಲೇತಿನಲ್ಲಿ ವಾಲ್ವನ್ನೋ ಅಡಾಪ್ಟರನ್ನೋ ಕಡೆದುಕೊಡುವ ಬೇಡಿಕೆಯನ್ನು ನಿರಾಕರಿಸುವುದೇ ಲೇಸು. ಸಿಲಿಂಡರು ನಿಲ್ಲಿಸುವ ರ‍್ಯಾಕ್, ಸಾಗಿಸುವ ಟ್ರಾಲಿ, ದೋಣಿಯಲ್ಲಿ ಕಟ್ಟಿಹಾಕುವ ಚೌಕಟ್ಟು ಇವುಗಳ ತಯಾರಿಕೆಗೆ ಅಂತಹ ತೊಡಕಿಲ್ಲ.

ಖರೀದಿ ಆದೇಶದಲ್ಲಿ 'ಸ್ಕೂಬಾ ವಾಲ್ವ್, 10 ನಗ' ಎಂದಷ್ಟೇ ಬರೆದರೆ ಯಾವ ವಾಲ್ವ್ ಬಂದರೂ ಆಕ್ಷೇಪಿಸಲು ಆಧಾರವಿರದು. ಕತ್ತಿನ ಥ್ರೆಡ್, ಹೊರಬಾಯಿಯ ಮಾದರಿ, ಬಾರ್‌ನಲ್ಲಿ ಒತ್ತಡ, ಯಾವ ಅನಿಲಕ್ಕೆ, ಯಾವ ಮಾನಕ ಎಂಬ ಐದನ್ನೂ ನಮೂದಿಸಿ, ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯತಕ್ಕದ್ದು. ಮಾರುವ ಬಿಲ್ಲಿನಲ್ಲಿಯೂ ಅದೇ ವಿವರ ಇರಲಿ. ಅಪಘಾತವಾದಲ್ಲಿ ವಿಮಾ ಕಂಪನಿಯು ಮೊದಲು ಕೇಳುವುದು ಈ ಕಾಗದಗಳನ್ನೇ.

ತಪ್ಪಾಗಿ ಬಂದ ವಾಲ್ವ್ ಕಪಾಟಿನಲ್ಲಿ ಉಳಿದರೆ ಲೆಕ್ಕಪತ್ರ ಮಾನಕ 2ರಂತೆ ಅದನ್ನು ಕೊಂಡ ಬೆಲೆಗೆ ತೋರಿಸುವಂತಿಲ್ಲ; ಮಾರಿದರೆ ನಿವ್ವಳವಾಗಿ ಸಿಗಬಹುದಾದ ಬೆಲೆ ಕಡಿಮೆಯಿದ್ದರೆ ಅದೇ ಮೌಲ್ಯ. ರದ್ದಿಯೆಂದು ಲೆಕ್ಕದಿಂದ ತೆಗೆದುಹಾಕಿದರೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಮೇರೆಗೆ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನೂ ಹಿಂತಿರುಗಿಸಬೇಕಾಗುತ್ತದೆ. ಸರಕು ಬಂದ ದಿನವೇ ಗೇಜ್ ಹಾಕಿ ನೋಡಿ, ಹೊಂದದಿದ್ದುದನ್ನು ಕ್ರೆಡಿಟ್ ನೋಟ್ ಪಡೆದು ಹಿಂದಕ್ಕೆ ಕಳುಹಿಸುವುದು ಇವೆರಡಕ್ಕಿಂತಲೂ ಅಗ್ಗ.