ಮಾಲೀಕನ ಮುದ್ರೆ ಪರರ ಕೈಗೆ: ಯೂನಿಕ್ಸ್ ತಂತ್ರಾಂಶಗಳ ಲೋಪ ಮತ್ತು ರಕ್ಷಣೋಪಾಯ

ಕುಮಟಾ ಮತ್ತು ಹೊನ್ನಾವರಗಳ ನಡುವೆ ಹೆದ್ದಾರಿಯ ಬದಿಗಿರುವ ಧಾರೇಶ್ವರದಂಥ ಊರುಗಳಲ್ಲಿಯೂ ವ್ಯಾಪಾರದ ಲೆಕ್ಕಪತ್ರಗಳು ಇಂದು ಗಣಕಯಂತ್ರವನ್ನು ಸೇರಿವೆ. ಅಡಿಕೆ, ತೆಂಗು, ಗೋಡಂಬಿ, ಮೀನು ಮೊದಲಾದ ಸರಕುಗಳ ವರ್ತಕರಲ್ಲಿ ಅನೇಕರಿಗೆ ತಾವು ಯೂನಿಕ್ಸ್ ಪರಂಪರೆಯ ವ್ಯವಸ್ಥೆಯನ್ನು ಬಳಸುತ್ತಿರುವ ಸಂಗತಿ ತಿಳಿದಿರಲಾರದು. ಸಂಸ್ಥೆಯ ಅಂತರಜಾಲ ತಾಣವನ್ನು ಹೊತ್ತಿರುವ ಸರ್ವರ್, ಸಿಸಿಟಿವಿ ದೃಶ್ಯಗಳನ್ನು ದಾಖಲಿಸುವ ಪೆಟ್ಟಿಗೆ, ಬ್ರಾಡ್‌ಬ್ಯಾಂಡ್ ರೂಟರ್ ಇವುಗಳಲ್ಲಿ ಹೆಚ್ಚಿನವು ಲಿನಕ್ಸ್‌ನಿಂದ ನಡೆಯುತ್ತವೆ. ಕೆಲವು ಮಳಿಗೆಗಳ ಬಿಲ್ಲಿಂಗ್ ಸರ್ವರ್ ಕೂಡ ಅದೇ ಆಗಿರುತ್ತದೆ.

ಅಧಿಕಾರದ ಏರಿಕೆ ಎಂದರೇನು?

ಯೂನಿಕ್ಸ್‌ನಲ್ಲಿ ಸರ್ವಾಧಿಕಾರವುಳ್ಳ ಖಾತೆಗೆ ‘ರೂಟ್’ ಎಂದು ಹೆಸರು. ಉಳಿದ ಬಳಕೆದಾರರ ಅಧಿಕಾರ ಸೀಮಿತವಾದುದು. ಆದರೆ ಸಾಮಾನ್ಯ ಬಳಕೆದಾರನು ತನ್ನ ಗುಪ್ತಪದವನ್ನು ಬದಲಿಸಬೇಕಾದರೂ ರೂಟ್‌ಗೆ ಮೀಸಲಾದ ಕಡತವನ್ನು ತಿದ್ದಬೇಕಾಗುತ್ತದೆ. ಇದಕ್ಕೆ ಬೆಲ್ ಪ್ರಯೋಗಾಲಯದ ಡೆನಿಸ್ ರಿಚಿ ಕಂಡುಕೊಂಡ ಉಪಾಯವೇ ‘ಸೆಟ್‌ಯುಐಡಿ’. 1979ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಈ ಗುರುತುಳ್ಳ ತಂತ್ರಾಂಶವನ್ನು ಯಾರೇ ನಡೆಸಿದರೂ ಅದು ತನ್ನ ಒಡೆಯನ ಅಧಿಕಾರದಿಂದ ಕೆಲಸ ಮಾಡುತ್ತದೆ.

ಮಂಡಿಯ ಗುಮಾಸ್ತನಿಗೆ ತಿಜೋರಿಯ ಕೀಲಿ ಇರುವುದಿಲ್ಲ. ಅವನು ಚೀಟಿ ಕೊಟ್ಟರೆ, ಮಾಲೀಕರ ಮುದ್ರೆ ಹೊಂದಿದ ಮುನೀಮರು ಗೊತ್ತುಪಡಿಸಿದ ಕೆಲಸವನ್ನಷ್ಟೇ ಮಾಡಿಕೊಡುತ್ತಾರೆ. ವಕ್ರವಾಗಿ ಬರೆದ ಚೀಟಿಯನ್ನು ಓದಿ ಮುನೀಮರು ಗೊಂದಲಗೊಂಡು ಕೀಲಿಯನ್ನೇ ಒಪ್ಪಿಸಿದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ. ಇದನ್ನೇ ಅಧಿಕಾರದ ಏರಿಕೆಯ ಲೋಪ ಎನ್ನುತ್ತಾರೆ.

ಹಳೆಯದೆಲ್ಲ ಭದ್ರವಲ್ಲ

ಬಹುಕಾಲ ಬಳಕೆಯಲ್ಲಿದ್ದ ಮಾತ್ರಕ್ಕೆ ತಂತ್ರಾಂಶ ನಿರ್ದೋಷವೆಂದು ನಂಬಲಾಗದು. ‘ಸುಡೊ’ ಎಂಬ ಸರ್ವಸಾಮಾನ್ಯ ತಂತ್ರಾಂಶದಲ್ಲಿ 2011ರ ಜುಲೈನಲ್ಲಿ ಸೇರಿದ ದೋಷವನ್ನು ಕ್ವಾಲಿಸ್ ಸಂಸ್ಥೆಯ ತಜ್ಞರು 2021ರ ಜನವರಿಯಲ್ಲಿ ಬಹಿರಂಗಪಡಿಸಿದರು. ಅದನ್ನು ಬಳಸಿ ಯಾವ ಸಾಮಾನ್ಯ ಬಳಕೆದಾರನಾದರೂ ಗುಪ್ತಪದವಿಲ್ಲದೆಯೇ ರೂಟ್ ಆಗಬಹುದಿತ್ತು. ಮರುವರ್ಷ ಜನವರಿಯಲ್ಲಿ ‘ಪಿಕೆಎಕ್ಸೆಕ್’ ಎಂಬ ತಂತ್ರಾಂಶದಲ್ಲಿ 2009ರಿಂದಲೂ ಅಡಗಿದ್ದ ಲೋಪ ಹೊರಬಿದ್ದಿತು. 2025ರ ಜೂನ್‌ನಲ್ಲಿ ಸುಡೊದಲ್ಲಿಯೇ ಮತ್ತೊಂದು ಗಂಭೀರ ದೋಷ ಪ್ರಕಟವಾಗಿ, 1.9.17ಪಿ1 ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು.

ಈ ಲೋಪಗಳಿಂದ ಹೊರಗಿನವರು ನೇರವಾಗಿ ಒಳಬರಲಾರರು. ಮೊದಲು ಸಣ್ಣದೊಂದು ಪ್ರವೇಶ ಬೇಕು. ಕೆಲಸ ಬಿಟ್ಟ ನೌಕರನ ರದ್ದಾಗದ ಖಾತೆ, ಸುಲಭವಾಗಿ ಊಹಿಸಬಹುದಾದ ಗುಪ್ತಪದ ಅಥವಾ ಅಂತರಜಾಲ ತಾಣದ ದೌರ್ಬಲ್ಯ ಅದಕ್ಕೆ ಸಾಕು. ರೂಟ್ ಅಧಿಕಾರ ದೊರೆತ ಮೇಲೆ ಲೆಕ್ಕಪತ್ರಗಳನ್ನು ತಿದ್ದಬಹುದು, ಬೀಗ ಹಾಕಿ ಹಣ ಕೇಳಬಹುದು, ತಮ್ಮ ಸುಳಿವನ್ನೂ ಅಳಿಸಬಹುದು. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ವಿವರಪತ್ರದ ಅಂತಿಮ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕಾದ ವರ್ತಕನಿಗೆ ಇದು ಅಲ್ಪ ಹಾನಿಯಲ್ಲ.

ರಕ್ಷಣೋಪಾಯಗಳು

1. ಭದ್ರತಾ ಪರಿಷ್ಕರಣೆಗಳನ್ನು ತಡಮಾಡದೆ ಅಳವಡಿಸಬೇಕು. ಕೆಲವು ಲಿನಕ್ಸ್ ವಿತರಣೆಗಳು ಹಳೆಯ ಆವೃತ್ತಿಗೇ ತಿದ್ದುಪಡಿ ಸೇರಿಸುತ್ತವೆ. ಆದ್ದರಿಂದ ಆವೃತ್ತಿಯ ಸಂಖ್ಯೆಯನ್ನಷ್ಟೇ ನೋಡದೆ, ವಿತರಕರ ಭದ್ರತಾ ಪ್ರಕಟಣೆಯೊಡನೆ ಹೋಲಿಸಬೇಕು.

2. ಪರಿಷ್ಕರಣೆ ನಿಂತ ವ್ಯವಸ್ಥೆಯನ್ನು ಬದಲಿಸಬೇಕು. ಉದಾಹರಣೆಗೆ, ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ.

3. ಯಂತ್ರದಲ್ಲಿರುವ ಸೆಟ್‌ಯುಐಡಿ ತಂತ್ರಾಂಶಗಳ ಪಟ್ಟಿಯನ್ನು ನಿರ್ವಾಹಕರಿಂದ ಪಡೆದು, ಅನಗತ್ಯವಾದವುಗಳ ಗುರುತನ್ನು ತೆಗೆಸಬೇಕು. ಪಿಕೆಎಕ್ಸೆಕ್ ಲೋಪ ಪ್ರಕಟವಾದಾಗ, ಪರಿಷ್ಕರಣೆ ದೊರೆಯದಿದ್ದವರಿಗೆ ಸೂಚಿಸಲಾದ ತಾತ್ಕಾಲಿಕ ಪರಿಹಾರವೂ ಇದೇ ಆಗಿತ್ತು.

4. ದಿನನಿತ್ಯದ ಬಿಲ್ಲಿಂಗ್‌ಗೆ ರೂಟ್ ಖಾತೆಯನ್ನು ಬಳಸಕೂಡದು. ಪ್ರತಿ ನೌಕರನಿಗೂ ಪ್ರತ್ಯೇಕ ಖಾತೆಯಿರಲಿ. ಕೆಲಸ ಬಿಟ್ಟ ದಿನವೇ ಅದು ರದ್ದಾಗಲಿ.

5. ಲೆಕ್ಕಪತ್ರಗಳ ನಕಲನ್ನು ಯಂತ್ರದಿಂದ ಬೇರ್ಪಡಿಸಿದ ಡಿಸ್ಕ್‌ನಲ್ಲಿ ಇರಿಸಬೇಕು. ಸದಾ ಜೋಡಿಸಿಟ್ಟ ಡಿಸ್ಕ್ ರೂಟ್ ಆದವನ ಕೈಗೂ ಎಟುಕುತ್ತದೆ.

ಕಾನೂನಿನ ಹೊಣೆ

ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರಲ್ಲಿ ಪಟ್ಟಿ ಮಾಡಲಾದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ನೀಡಿದ್ದ ಕಾಲಾವಕಾಶವು ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಕೊನೆಗೊಂಡಿದೆ.

ಯಂತ್ರದ ನಿರ್ವಹಣೆಯನ್ನು ಹೊರಗಿನವರಿಗೆ ಒಪ್ಪಿಸಿರುವ ವರ್ತಕರು ವಾರ್ಷಿಕ ಕರಾರಿನಲ್ಲಿ ಮೇಲಿನ ಐದು ಅಂಶಗಳನ್ನು ಬರಹದಲ್ಲಿ ಸೇರಿಸಿಕೊಳ್ಳುವುದು ಒಳಿತು. ತಿಜೋರಿಯ ಕೀಲಿ ಯಾರ ಬಳಿ ಇದೆಯೆಂದು ಪ್ರತಿ ಸಂಜೆ ವಿಚಾರಿಸುವ ಮಾಲೀಕರು, ಗಣಕದೊಳಗೆ ತಮ್ಮ ಮುದ್ರೆ ಯಾರ ಬಳಿ ಇದೆಯೆಂದು ತಿಂಗಳಿಗೊಮ್ಮೆಯಾದರೂ ವಿಚಾರಿಸುವುದು ಅವಶ್ಯ.